ಬೆಲ್ಟಿನ ಹಲ್ಲು ಎಣಿಸಿದ್ದು

ಇವತ್ತು ಕಂಕನಾಡಿಯಲ್ಲಿ ಸ್ಪೇರ್ಸ್ ಅಂಗಡಿ ಎದುರು ನಿಂತು ಟೈಮಿಂಗ್ ಬೆಲ್ಟಿನ ಹಲ್ಲು ಎಣಿಸಿದೆ ಮಾರಾಯ್ರೆ. ಎಂಜಿನಿನ ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳದಲ್ಲಿ ಇಡುವ ಹಲ್ಲಿನ ಪಟ್ಟಿ ಅದು. ಗಾಡಿ ಓಮ್ನಿ, ಒಳಗೆ ಕೂತದ್ದು ಝೆನ್ ಎಂಜಿನ್, ಅಪ್ಪ ಯಾವಾಗ್ಲೋ ಹಾಕಿಸಿದ್ದು. ಓಮ್ನಿ ಅಂದ್ರೆ ಅಂಗಡಿಯವ ಓಮ್ನಿದೇ ಕೊಡ್ತಾನಲ್ಲ, ಅದಕ್ಕೆ ಮೆಕ್ಯಾನಿಕ್ ಅಷ್ಟೇ ಹಲ್ಲಿಂದು ತರ್ಲಿಕ್ಕೆ ಹಳೇ ಬೆಲ್ಟನ್ನೇ ಕೈಗೆ ಕೊಟ್ಟು ಕಳ್ಸಿದ್ದು.

ಎರಡು ಸಲ ಲೆಕ್ಕ ತಪ್ಪಿತು. ಮತ್ತೆ ಒಂದು ಹಲ್ಲಿಗೆ ವೈಟ್ನರ್ ಹಾಕಿ ಅಲ್ಲಿಂದ ಶುರು. ಬೆನ್ನಿಡೀ ಬಿರುಕು, ಮಡಚಿದ್ರೆ ಅಜ್ಜಿಯ ಹಿಮ್ಮಡಿ ಥರ. ಇದೇ ಬೆಲ್ಟಲ್ಲಿ ಆಗುಂಬೆ ಘಾಟಿ ಹತ್ತಿದ್ದು ನಾವು!

ಮೆಕ್ಯಾನಿಕ್ ಹೊಸದು ಕೂರಿಸಿ ಸ್ಪ್ಯಾನರಲ್ಲಿ ಪಿಸ್ಟನ್ ಕಡೆಯ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿದ, ವಾಲ್ವ್ ಕಡೆಯ ಕ್ಯಾಮ್ ಒಂದೇ ಸುತ್ತು, ಗುರುತು ಗುರುತಿಗೇ ಬಂದು ನಿಂತಿತು, ಆಗ ಉಸಿರು ಬಂತು ನಂಗೆ. ಅಪ್ಪ ಎಲ್ಲಾದ್ರೂ ಒಂದು ಸಾಲು ಬರೆದಿಟ್ಟಿದ್ರೆ ಎಂತ ಆಗ್ತಿತ್ತು ಅಂತ ಬೈಕೊಂಡೇ, ಕಿಲೋಮೀಟರ್, ಹಲ್ಲಿನ ಲೆಕ್ಕ ಎರಡೂ ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಲ್ಲಿ ಅಂಟಿಸಿದೆ.