ಗುಬ್ಬಕ್ಕ ಬಾಗಿಲು ತೆರೆಯುವ ತನಕ

ನಮ್ಮ ಹಳೆಯ ಮನೆ ಕೊಡಗಿನ ಚೇರಂಬಾಣೆಯ ಕಡೆಗಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕರೆಂಟ್ ಹೋಗುತ್ತಿತ್ತು. ಅದು ಮತ್ತೆ ಯಾವಾಗ ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗುತ್ತಿತ್ತು, ಅದರ ಕೆಳಗೆ ಕಟ್ಟಿದ ಹಗ್ಗದಲ್ಲಿ ನಮ್ಮ ಶಾಲೆಯ ಸಮವಸ್ತ್ರ ಹೊಗೆಯ ವಾಸನೆ ಹಿಡಿಯುತ್ತಾ ತೂಗುತ್ತಿತ್ತು, ಕೆಂಡದಲ್ಲಿ ಹೂತಿಟ್ಟ ಹಲಸಿನ ಬೀಜಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಅಲ್ಲಿ ಕುಳಿತು ಅಜ್ಜಿ ನಮಗೆ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದರು. ಕಥೆ ಹೇಳುವ ಕಸುಬಿನಲ್ಲಿ ನನಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಆ ಒಂದು ಕಥೆಯಿಂದಲೇ ಬಂದದ್ದೆಂದು, ಅದನ್ನು ಕೇಳಿ ಮೂವತ್ತು ವರ್ಷಗಳಾದ ಮೇಲೆ ಈಗ ನನಗೆ ಅರ್ಥವಾಗುತ್ತಿದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಗಕ್ಕನದು ಸಗಣಿಯ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಅವಳು ನೆನೆಯುತ್ತಾ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ, ಇರು, ಮಗುವಿಗೆ ನೀರು ಹಾಕುತ್ತಿದ್ದೇನೆ, ಎನ್ನುತ್ತಾಳೆ. ಮತ್ತೆ ತಟ್ಟಿದಾಗ ಮಗುವಿಗೆ ಊಟ ಮಾಡಿಸುತ್ತಿರುತ್ತಾಳೆ, ಆಮೇಲೆ ತೊಟ್ಟಿಲು ತೂಗುತ್ತಿರುತ್ತಾಳೆ. ಕಥೆಯ ಕೊನೆ ಮನೆಯಿಂದ ಮನೆಗೆ ಬೇರೆಯಾಗಿರುತ್ತದೆ, ಆದರೆ ಬಾಗಿಲ ಮುಂದಿನ ಈ ಕಾಯುವಿಕೆ ಮಾತ್ರ ನಾನು ಕೇಳಿದ ಎಲ್ಲ ಕಡೆಯೂ ಇದೆ.

ಅಜ್ಜಿ ಆ ಕಾಯುವಿಕೆಯನ್ನು ಎಂದೂ ಒಂದೇ ರೀತಿ ಹೇಳಿದವರಲ್ಲ. ಆ ದಿನ ನಮ್ಮ ಮನೆಯಲ್ಲಿ ಕಡಂಬಿಟ್ಟು ಮಾಡಿದ್ದರೆ ಗುಬ್ಬಕ್ಕನೂ ಒಳಗೆ ಕಡಂಬಿಟ್ಟಿನ ಉಂಡೆ ಕಟ್ಟುತ್ತಿದ್ದಳು; ನನ್ನ ತಮ್ಮನಿಗೆ ಜ್ವರ ಬಂದಿದ್ದರೆ ಗುಬ್ಬಕ್ಕನ ಮಗುವಿಗೂ ಮೈ ಬಿಸಿಯಾಗಿರುತ್ತಿತ್ತು ಮತ್ತು ಅವಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಹೊರಗಿನ ಮಳೆ ಜೋರಾದರೆ ತಡವೂ ಹೆಚ್ಚುತ್ತಿತ್ತು. ನಮ್ಮ ಕಣ್ಣು ನಿದ್ದೆಗೆ ಎಳೆಯುತ್ತಿರುವುದನ್ನು ಕಂಡರೆ ಬಾಗಿಲು ಬೇಗ ತೆರೆಯುತ್ತಿತ್ತು. ಹೇಳುವಾಗ ಅವರು ಒಲೆಯ ಕಡೆ ನೋಡುತ್ತಿದ್ದರೆಂದು ನಾನು ಬಹಳ ಕಾಲ ನಂಬಿದ್ದೆ. ಅವರು ನೋಡುತ್ತಿದ್ದದ್ದು ಒಲೆಯ ಬೆಳಕು ಬಿದ್ದ ನಮ್ಮ ಮುಖಗಳನ್ನು.

ಒಂದು ರಾತ್ರಿ, ಗುಬ್ಬಕ್ಕ ಮೂರನೆಯ ಬಾರಿ ಇರು ಎಂದಾಗ, ನಾಲ್ಕು ವರ್ಷದ ನನ್ನ ತಮ್ಮ ಎದ್ದು ಹೋಗಿ ನಮ್ಮ ಮನೆಯ ಹಿಂಬಾಗಿಲಿನ ಚಿಲಕ ತೆಗೆದ. ಮಳೆಯ ಎರಚಲು ಒಳಗೆ ಬಂತು, ದೀಪ ಆರಿತು. ಅಜ್ಜಿ ಗದರಲಿಲ್ಲ. "ಕಾಗಕ್ಕ ಬಂದಿದ್ದಾಳಾ ನೋಡು ಮಗ," ಎಂದರು. ಅವನು ಕತ್ತಲೆಯಲ್ಲಿ ಇಣುಕಿ, ಇಲ್ಲ ಎಂದ. "ಹಾಗಾದರೆ ಪಾಪ, ಇನ್ನೂ ಗುಬ್ಬಕ್ಕನ ಬಾಗಿಲಲ್ಲೇ ನಿಂತಿದ್ದಾಳೆ," ಎಂದು ಅಲ್ಲಿಂದಲೇ ಕಥೆಯನ್ನು ಮುಂದುವರಿಸಿದರು.

ಈ ಘಟನೆಯನ್ನು ನಾನು ಎಷ್ಟೋ ಬಾರಿ ಬಿಡಿಸಿ ನೋಡಿದ್ದೇನೆ. ಕಥೆಯಲ್ಲಿ ತಡ ಮಾಡುವುದು ಸುಲಭವಾದ ಉಪಾಯದಂತೆ ಕಾಣುತ್ತದೆ, ಆದರೆ ಬರಿದೇ ತಡ ಮಾಡಿದರೆ ಕೇಳುವವನು ಎದ್ದು ಹೋಗುತ್ತಾನೆ. ಗುಬ್ಬಕ್ಕನ ಒಂದೊಂದು ತಡವೂ ನಿಜವಾದ ಕೆಲಸದಿಂದ ಆದದ್ದು. ಮಗುವನ್ನು ನೀರಿನಲ್ಲಿ ಬಿಟ್ಟು ಯಾವ ತಾಯಿಯೂ ಬಾಗಿಲಿಗೆ ಓಡುವುದಿಲ್ಲ, ಆದ್ದರಿಂದ ಮೊದಲ ಸಲ ನಾವು ಗುಬ್ಬಕ್ಕನ ಕಡೆಗಿರುತ್ತೇವೆ. ಎರಡನೆಯ ಸಲ ಮನಸ್ಸು ನಡುವೆ ನಿಲ್ಲುತ್ತದೆ. ಮೂರನೆಯ ಸಲ ನಾವು ಕಾಗಕ್ಕನ ಜೊತೆ ಹೊರಗೆ ನೆನೆಯುತ್ತಿರುತ್ತೇವೆ. ಬಾಗಿಲು ಅದೇ, ಮಾತು ಹೆಚ್ಚುಕಡಿಮೆ ಅದೇ, ಸರಿದದ್ದು ಕೇಳುವವನು ನಿಂತಿರುವ ಜಾಗ. ಅಜ್ಜಿಗೆ ಇದನ್ನು ಯಾರೂ ಕಲಿಸಿರಲಿಲ್ಲ, ಅಥವಾ ಅವರಿಗೆ ಕಲಿಸಿದವರೂ ಇಂತಹದೇ ಒಂದು ಒಲೆಯ ಮುಂದೆ ಕುಳಿತು ಕಲಿಸಿದ್ದರು.

ಎರಡನೆಯ ಪಾಠ ಸಿದ್ದಾಪುರದ ಬಳಿಯಿರುವ ನನ್ನ ಸೋದರತ್ತೆಯ ತೋಟದಲ್ಲಿ ಸಿಕ್ಕಿತು. ಕಾಲೇಜಿನ ರಜೆಯಲ್ಲಿ, ಮೇ ತಿಂಗಳ ಒಂದು ಬೆಳಿಗ್ಗೆ, ತೋಟದ ರಸ್ತೆಯಲ್ಲಿ ನನಗೆ ಕಾಡಾನೆ ಎದುರಾಯಿತು. ಓಡಿ ಬಂದವನು ಏದುಸಿರಿನಲ್ಲೇ, ಆನೆ ಬಂತು, ಹತ್ತಿರದಲ್ಲೇ ಇತ್ತು, ನಾನು ಓಡಿದೆ ಎಂದೆ. ಅತ್ತೆ ನನಗೆ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡರು, ಮಾವ ಫೋನ್ ಹಚ್ಚಿ ಪಕ್ಕದ ತೋಟದವರಿಗೆ ತಿಳಿಸಿದರು, ಆಮೇಲೆ ಎಲ್ಲರೂ ತಿಂಡಿಗೆ ಕುಳಿತರು. ಆ ಭಾಗದಲ್ಲಿ ಆನೆ ಬರುವುದು ಅಪರೂಪವಲ್ಲ.

ಅರ್ಧ ಗಂಟೆಯ ಮೇಲೆ, ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಯಿಂದ ಕೆಲಸಕ್ಕೆ ಬಂದ ಅಕ್ಕ ಒಬ್ಬರು ಹಿಂದಿನ ಜಗಲಿಯಲ್ಲಿ ನಿಂತು ಮಾತಿಗೆ ತೊಡಗಿದರು. "ಅಮ್ಮ, ನಿನ್ನೆ ರಾತ್ರಿ ನಾಯಿ ಒಂದು ಸಲವೂ ಬೊಗಳಲಿಲ್ಲ," ಎಂಬುದು ಅವರ ಮೊದಲ ಮಾತು. ಬೆಳಿಗ್ಗೆ ಎದ್ದರೆ ನಾಯಿ ಮಂಚದ ಕೆಳಗೆ ಮುದುಡಿತ್ತಂತೆ. ಹೊರಗೆ ಬಂದರೆ ಹಲಸಿನ ಹಣ್ಣಿನ ವಾಸನೆ, ಆದರೆ ಲೈನ್ ಮನೆಯ ಹತ್ತಿರ ಹಲಸಿನ ಮರವೇ ಇಲ್ಲ. ನಾಲ್ಕು ಹೆಜ್ಜೆ ನಡೆದರೆ ಸಿಲ್ವರ್ ಓಕ್ ಮರದಿಂದ ಮೆಣಸಿನ ಬಳ್ಳಿ ಕಿತ್ತು ಬಿದ್ದಿದೆ. ಅದರ ಪಕ್ಕದಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿದೆ, ಅದರೊಳಗೆ ಹಲಸಿನ ಬೀಜಗಳು ಇಡಿಯಾಗಿಯೇ ಇವೆ. ಇಷ್ಟು ಹೇಳಿ ಅವರು ಧ್ವನಿ ತಗ್ಗಿಸಿದರು. ಗಾಳಿ ಇರಲಿಲ್ಲ, ಆದರೂ ಕಾಫಿ ಗಿಡಗಳ ನಡುವೆ ದೊಡ್ಡದೊಂದು ಎಲೆ ಅಲ್ಲಾಡಿತು. ಮತ್ತೊಮ್ಮೆ ನೋಡಿದರೆ ಅದು ಕಿವಿ.

ತಿಂಡಿಯ ತಟ್ಟೆಯ ಮೇಲಿದ್ದ ನಮ್ಮ ಕೈಗಳು ನಿಂತಿದ್ದವು. ಅದೇ ಆನೆಯನ್ನು ನೋಡಿ ಬಂದಿದ್ದ ನನಗೂ ಆ ಕ್ಷಣ ಬೆನ್ನು ತಣ್ಣಗಾಯಿತು. ಅವರು ಒಂದು ಮಾತನ್ನೂ ಹೆಚ್ಚಿಸಿ ಹೇಳಿರಲಿಲ್ಲ. ತನಗೆ ಯಾವುದು ಯಾವ ಕ್ರಮದಲ್ಲಿ ತಿಳಿಯಿತೋ ಅದೇ ಕ್ರಮದಲ್ಲಿ ನಮಗೂ ತಿಳಿಯಲು ಬಿಟ್ಟಿದ್ದರು. ನಾನು ಎಲ್ಲಕ್ಕಿಂತ ದೊಡ್ಡದನ್ನು ಎಲ್ಲಕ್ಕಿಂತ ಮೊದಲು ಹೇಳಿ ಸುದ್ದಿ ಮುಟ್ಟಿಸಿದ್ದೆ. ಸುದ್ದಿಗೆ ಅದು ಸರಿಯಾದ ಕ್ರಮ. ಮಾವ ಫೋನ್ ಮಾಡಲು ಅದೇ ಬೇಕಿತ್ತು. ಅಂದಿನಿಂದ ನಾನು ಏನನ್ನು ಬರೆದರೂ ಮೊದಲ ಕರಡಿನಲ್ಲಿ ಆನೆ ಎಲ್ಲಿದೆ ಎಂದು ಹುಡುಕಿ, ಅದಕ್ಕೂ ಮೊದಲು ಬೊಗಳದ ನಾಯಿ ಯಾವುದಿತ್ತು ಎಂದು ಕೇಳಿಕೊಳ್ಳುತ್ತೇನೆ.

ಹಾಗೆಂದು ಎಲ್ಲ ಕಥೆಯೂ ಗುಟ್ಟಿನಿಂದಲೇ ನಡೆಯಬೇಕಾಗಿಲ್ಲ. ನನಗೆ ಅತ್ಯಂತ ಪ್ರಿಯವಾದ ಗೋವಿನ ಹಾಡಿನಲ್ಲಿ ಗುಟ್ಟೇ ಇಲ್ಲ. ಹುಲಿ ಹಸಿದಿದೆ, ಪುಣ್ಯಕೋಟಿ ಮರಳಿ ಬರುವ ಮಾತು ಕೊಟ್ಟಿದ್ದಾಳೆ, ಇವೆರಡೂ ನಮಗೆ ತಿಳಿದ ಮೇಲೆಯೇ ಅವಳು ಕೊಟ್ಟಿಗೆಗೆ ಬರುತ್ತಾಳೆ. ಅಲ್ಲಿ ನಡೆಯುವುದು ದಿನವೂ ನಡೆಯುವ ಕೆಲಸ, ಕರುವಿಗೆ ಹಾಲೂಡಿಸುವುದು. ಆದರೆ ಇಂದು ಅದು ಕೊನೆಯದೆಂದು ತಾಯಿಗೆ ಗೊತ್ತು, ನಮಗೆ ಗೊತ್ತು. ಸತ್ಯದ ಮಹಿಮೆಗಾಗಿ ಈ ಹಾಡನ್ನು ಮಕ್ಕಳಿಗೆ ಕಲಿಸುತ್ತಾರೆ, ಅದು ಸರಿಯೇ. ನನ್ನ ಮಟ್ಟಿಗೆ ಹಾಡಿನ ಜೀವ ಇರುವುದು ಆ ಕೊಟ್ಟಿಗೆಯಲ್ಲಿ, ಕರು ತಾನಿನ್ನು ಯಾರನ್ನು ಸೇರಲಿ ಎಂದು ಕೇಳುವಲ್ಲಿ. ನಾಗರಹೊಳೆಯ ಅಂಚಿನ ದಕ್ಷಿಣ ಕೊಡಗಿನ ಊರುಗಳಲ್ಲಿ ಹುಲಿ ಹಸುವನ್ನು ಹಿಡಿದ ಸುದ್ದಿ ಈಗಲೂ ಬರುತ್ತದೆ. ಖಾಲಿ ಹಗ್ಗ ನೇತಾಡುವ ಕೊಟ್ಟಿಗೆಯನ್ನು ಕಂಡವರಿಗೆ ಆ ಹಾಡು ಹಳೆಯ ಕಾಲದ್ದೆನಿಸುವುದಿಲ್ಲ.

ಕೇಳುವವರನ್ನು ಕಾಯಿಸುವುದಕ್ಕೆ ನಮ್ಮ ನಾಡಿನಲ್ಲಿ ಇನ್ನೊಂದು ಕ್ರಮವೂ ಇದೆ. ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯದಲ್ಲಿ ನೆರೆಯ ಕೊಡವರ ಮೂಲಮನೆಯಾದ ಐನ್‌ಮನೆಯಲ್ಲಿ ದುಡಿಕೊಟ್ಟ್ ಪಾಟ್ ಕೇಳಿದವರಿಗೆ ಇದು ಗೊತ್ತು. ನಾಲ್ವರು ದುಡಿಯೆಂಬ ಚಿಕ್ಕ ಚರ್ಮವಾದ್ಯ ಹಿಡಿದು ಕೂರುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನು ತಿರುಗಿ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂತಹ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಇಂದಿಗೂ ಆಕರವಾಗಿದೆ. ಆದರೆ ಸಾಲನ್ನು ಓದುವಾಗ ಸಿಗದ ಒಂದು ಸಂಗತಿ ಕೇಳುವಾಗ ಸಿಗುತ್ತದೆ. ಎರಡನೆಯ ಜೋಡಿ ತಿರುಗಿ ಹಾಡುವಷ್ಟು ಹೊತ್ತು ಕೇಳುವವನಿಗೆ ಹಿಂದಿನ ಸಾಲು ಮನಸ್ಸಿಗೆ ಇಳಿಯುತ್ತದೆ, ಮೊದಲ ಜೋಡಿಗೆ ಮುಂದಿನ ಸಾಲು ನೆನಪಿಗೆ ಬರುತ್ತದೆ. ನಾನು ಗಟ್ಟಿಯಾಗಿ ಓದಿ ಹೇಳಬೇಕಾದ ಬರಹಗಳಲ್ಲಿ ಮುಖ್ಯವಾದ ಮಾತನ್ನು ಸ್ವಲ್ಪ ಬದಲಿಸಿ ಮತ್ತೊಮ್ಮೆ ಹೇಳುವುದನ್ನು ರೂಢಿಸಿಕೊಂಡದ್ದು ಅದರಿಂದ.

ಕಾವೇರಿಯ ಕಥೆಯನ್ನು ಹೇಳದೆ ಇದನ್ನು ಬರೆಯಲಾರೆ. ಅಗಸ್ತ್ಯರ ಕಮಂಡಲದಿಂದ ಹೊರಟು ಹರಿದ ಕಾವೇರಿಯನ್ನು ಕೊಡಗಿನ ಬಲಮುರಿಯಲ್ಲಿ ಜನ ತಡೆಯಲು ಹೋದಾಗ, ಪ್ರವಾಹದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಕೊಡವ ಮಹಿಳೆಯರು ನೆರಿಗೆಯನ್ನು ಹಿಂದೆ ಇಟ್ಟು ಸೀರೆ ಉಡುವುದು ಅದರಿಂದಲೇ ಎಂದೂ ಐತಿಹ್ಯವಿದೆ. ನದಿ ಹರಿದು ಹೋಯಿತು, ಕಥೆ ಮುಗಿಯಿತು, ಆದರೆ ಅದರ ಗುರುತು ಮದುವೆಮನೆಯಲ್ಲಿ ನಮ್ಮ ಮುಂದೆ ನಡೆದು ಹೋಗುತ್ತದೆ. ಮುಟ್ಟಿ ನೋಡಬಹುದಾದ ಒಂದು ವಸ್ತುವನ್ನು ಕೇಳುವವನ ಕೈಯಲ್ಲಿಟ್ಟು ಹೋಗುವ ಕಥೆ ನನಗೆ ಎಲ್ಲಕ್ಕಿಂತ ಮೇಲಿನದಾಗಿ ಕಾಣುತ್ತದೆ.

ಅಂತಹ ವಸ್ತು ನಮ್ಮ ಮನೆಯಲ್ಲೂ ಒಂದಿದೆ, ಅಪ್ಪನ ಮಳೆ ಲೆಕ್ಕದ ಪುಸ್ತಕ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕವನ್ನು ನೋಡಿ, ಹಿಂದಿನ ದಿನ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೆಯ ಒಂದು ಪಾಲು) ಎಂದು ಅಪ್ಪ ಬರೆದಿಡುತ್ತಿದ್ದರು. ಕಾಫಿ ಬೆಳೆಗಾರರ ಮನೆಗಳಲ್ಲಿ ಇದು ಸಾಮಾನ್ಯ. ಮಾರ್ಚ್‌ನ ಕಾಫಿ ಹೂ ಅರಳಿಸುವ ಹೂಮಳೆಯಿಂದ ಹಿಡಿದು ಎಲ್ಲವೂ ಅದರಲ್ಲಿದೆ. 2018ರ ಆಗಸ್ಟ್‌ನ ಪುಟದಲ್ಲಿ ಅಂಕಿಗಳು ದಿನದಿನಕ್ಕೆ ಏರುತ್ತಾ ಹೋಗಿ, ತಿಂಗಳ ನಡುವೆ, ಗುಡ್ಡಗಳು ಕುಸಿದ ವಾರದಲ್ಲಿ, ಒಮ್ಮೆಲೇ ನಿಲ್ಲುತ್ತವೆ. ಮಕ್ಕಂದೂರಿನ ಕಡೆಯ ನೆಂಟರನ್ನು ಹುಡುಕಿಕೊಂಡು ಮಡಿಕೇರಿಯ ಪರಿಹಾರ ಕೇಂದ್ರಗಳಿಗೆ ಹೋದ ಅಪ್ಪ ಮನೆಗೆ ಮರಳಿದ್ದು ಆರು ದಿನಗಳ ಮೇಲೆ. ಆರು ಸಾಲು ಖಾಲಿ. ಏಳನೆಯ ಸಾಲಿನಲ್ಲಿ ಅಂಕಿಯಿಲ್ಲ. ಬಿಸಿಲು ಎಂಬ ಒಂದು ಪದವಿದೆ.

ಆ ವಾರದ ಬಗ್ಗೆ ಬರೆಯಲು ಎರಡು ಸಲ ಕುಳಿತಿದ್ದೇನೆ. ಎರಡು ಸಲವೂ ಗುಡ್ಡ ಜರಿದ ಸದ್ದಿನಿಂದ ಆರಂಭಿಸಿದೆ, ಎರಡು ಸಲವೂ ನಾಲ್ಕು ಪುಟವಾಗುವಷ್ಟರಲ್ಲಿ ಹರಿದು ಹಾಕಿದೆ. ಈ ಮಳೆಗಾಲದಲ್ಲಿ ಮತ್ತೆ ತೊಡಗಿದ್ದೇನೆ. ಈ ಬಾರಿ ಮೊದಲ ಪುಟದಲ್ಲಿ ಗುಡ್ಡವಿಲ್ಲ. ಬೆಳಗಾಗಿದೆ, ಅಂಗಳದಲ್ಲಿ ಮಳೆಮಾಪಕ ತುಂಬಿ ಚೆಲ್ಲುತ್ತಿದೆ, ಅದನ್ನು ನೋಡಲು ಮನೆಯಿಂದ ಯಾರೂ ಹೊರಗೆ ಬಂದಿಲ್ಲ.