ಎಡಗಡೆ ಗೋಡೆ ಕಟ್ಟಿದ್ದಾಯಿತು, ಪಿಚರ್ ಎಲ್ಲಿ?

18 ಜನವರಿ 2025, ಶನಿವಾರ
ಸನಿವೇಲ್, ಕ್ಯಾಲಿಫೋರ್ನಿಯಾ

ನಿನ್ನೆ ರೋಕಿ ಸಸಾಕಿ ಲಾಸ್ ಏಂಜಲಿಸ್‌ನ ಬೇಸ್‌ಬಾಲ್ ತಂಡ ಡಾಡ್ಜರ್ಸ್ ಸೇರುವುದಾಗಿ ಹೇಳಿಬಿಟ್ಟ. ಜಪಾನಿನ ಈ 23 ವರ್ಷದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಜೊತೆಗೂ ಮಾತಾಡಿದ್ದಾನೆ ಎಂಬ ಸುದ್ದಿ ಬಂದಾಗಿನಿಂದ ಒಂದೆಳೆ ಆಸೆ ಇತ್ತು. ನಮಗೆ ಸಿಗುವುದಿಲ್ಲ ಎನ್ನುವುದು ಈ ವಾರವೇ ಗೊತ್ತಾಗಿತ್ತು. ಆದರೂ ಹೋಗಿ ಹೋಗಿ ಲಾಸ್ ಏಂಜಲಿಸ್‌ಗೇ ಹೋದನಲ್ಲ ಎಂದು ಹೊಟ್ಟೆ ಉರಿಯಿತು.

ಇದು ಇವತ್ತಿನ ಕಥೆಯಲ್ಲ. 2022ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಬ್ಯಾಟರ್ ಏರನ್ ಜಡ್ಜ್ ಬರುತ್ತಾನೆ ಎಂದು ಕಾದೆವು. ಲಿಂಡನ್ ಎನ್ನುವ ಅವನ ಹುಟ್ಟೂರು ಇಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರ. ಅವನು ನ್ಯೂಯಾರ್ಕಿನಲ್ಲೇ ಉಳಿದ. ಅದೇ ತಿಂಗಳು ಕಾರ್ಲೋಸ್ ಕೊರೇಯ ಜೊತೆ 13 ವರ್ಷಕ್ಕೆ 35 ಕೋಟಿ ಡಾಲರ್ ಮಾತಾಯಿತು. ವೈದ್ಯಕೀಯ ತಪಾಸಣೆಯಲ್ಲಿ ಕಾಲಿನ ಹಳೇ ಪೆಟ್ಟಿನ ಪ್ರಶ್ನೆ ಎದ್ದು, ಅವನನ್ನು ಪರಿಚಯಿಸಬೇಕಿದ್ದ ದಿನವೇ ಪತ್ರಿಕಾಗೋಷ್ಠಿ ನಿಂತುಹೋಯಿತು. ಮರುವರ್ಷ ಶೊಹೇ ಒಹ್ತಾನಿ. ಡಾಡ್ಜರ್ಸ್ ಕೊಟ್ಟ 70 ಕೋಟಿಯನ್ನು ಕೊಡಲು ನಾವೂ ತಯಾರಿದ್ದೆವು, ಅವನು ದಕ್ಷಿಣಕ್ಕೆ ಹೋದ. ಹಿಂದೆಯೇ ಜಪಾನಿನ ಇನ್ನೊಬ್ಬ ಪಿಚರ್ ಯಮಮೊಟೊ ಕೂಡ.

ಊರಿನಲ್ಲಿ ಐಪಿಎಲ್ ನೋಡುವವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಹರಾಜು ಇಲ್ಲ. ಮೊನ್ನೆ ನವೆಂಬರಿನಲ್ಲಿ ಜೆಡ್ಡಾದಲ್ಲಿ ರಾಹುಲ್ 14 ಕೋಟಿ ರೂಪಾಯಿಗೆ ಡೆಲ್ಲಿ ಪಾಲಾದಾಗ ಆರ್‌ಸಿಬಿಯವರು ನಡುವೆಯೇ ಕೈಬಿಟ್ಟರಲ್ಲ ಎಂದು ನಮ್ಮವರು ಬೇಸರ ಮಾಡಿಕೊಂಡರು. ಅಲ್ಲಿ ಬೇಕು ಬೇಡ ಎನ್ನುವುದು ತಂಡದ ಕೈಯಲ್ಲಿ. ಬೇಸ್‌ಬಾಲ್‌ನಲ್ಲಿ ಒಪ್ಪಂದ ಮುಗಿದ ಆಟಗಾರ ತಾನೇ ಊರೂರು ನೋಡಿ, ಎಲ್ಲರ ಮಾತು ಕೇಳಿ, ತನಗೆ ಒಪ್ಪಿದ ಕಡೆ ಸಹಿ ಹಾಕುತ್ತಾನೆ. ಹಾಗಾಗಿ ಇಲ್ಲಿ ಅಭಿಮಾನಿಗೆ ಆಗುವ ನೋವೇ ಬೇರೆ. ದುಡ್ಡು ಮುಂದಿಟ್ಟರೂ ನಮ್ಮ ಊರು ಬೇಡ ಅಂದನಲ್ಲ ಎನ್ನುವ ನೋವು.

ಇಷ್ಟಾದರೂ ಈ ಚಳಿಗಾಲ ನನಗೆ ಹಿಂದಿನ ಮೂರು ವರ್ಷಗಳಿಗಿಂತ ಹೆಚ್ಚು ಧೈರ್ಯ ಕೊಟ್ಟಿದೆ. ಕಾರಣ ಬಸ್ಟರ್ ಪೋಸಿ. 2010, 2012, 2014ರಲ್ಲಿ ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಪ್ರಶಸ್ತಿ ಸರಣಿ) ಗೆದ್ದಾಗ ನಮ್ಮ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ಆಗಿದ್ದವನು. ಸೆಪ್ಟೆಂಬರ್ ಕೊನೆಯಲ್ಲಿ, ಅಲ್ಲಿಯವರೆಗೆ ಆಟಗಾರರನ್ನು ಆರಿಸುತ್ತಿದ್ದ ಫರ್ಹಾನ್ ಜೈದಿಯನ್ನು ಇಳಿಸಿ, ತಂಡ ಕಟ್ಟುವ ಪೂರ್ತಿ ಅಧಿಕಾರವನ್ನು ಪೋಸಿಗೆ ಕೊಟ್ಟರು. ಜೈದಿಯನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. 2021ರಲ್ಲಿ 107 ಪಂದ್ಯ ಗೆಲ್ಲಿಸಿದ ತಂಡ ಅವನು ಕಟ್ಟಿದ್ದು. ಎಡಗೈ ಪಿಚರ್ ಬಂದರೆ ಒಬ್ಬ ಬ್ಯಾಟರ್, ಬಲಗೈ ಪಿಚರ್ ಬಂದರೆ ಇನ್ನೊಬ್ಬ ಎಂದು ಜಾಗ ಜಾಗಕ್ಕೆ ಜೋಡಿ ಇಟ್ಟು ಆಡಿಸುವ ಅವನ ಲೆಕ್ಕ ಆ ವರ್ಷ ಅದ್ಭುತವಾಗಿ ಕೂಡಿಬಂತು. ಆಮೇಲೆ ಕೂಡಲಿಲ್ಲ: 81 ಗೆಲುವು, 79, ಹೋದ ವರ್ಷ 80.

ಗೆಲುವಿನ ಲೆಕ್ಕ ಒಂದು ಕಡೆ ಇರಲಿ. ನಮ್ಮ ಮಗಳು ಮೈದಾನಕ್ಕೆ ಬಂದರೆ ಸ್ಕೋರ್ ಪುಸ್ತಕ ತರುತ್ತಾಳೆ. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಒಂದೊಂದು ಇನ್ನಿಂಗ್ಸ್‌ಗೆ ಒಂದೊಂದು ಚೌಕ, ಚೌಕದೊಳಗೆ ವಜ್ರದಾಕಾರ. ಆರನೇ ಇನ್ನಿಂಗ್ಸ್ ಬರುವಷ್ಟರಲ್ಲಿ ಅವಳ ಪುಟದಲ್ಲಿ ಹೆಸರಿನ ಕೆಳಗೆ ಹೆಸರು. ಪಿಚರ್ ಬದಲಾದ ಎಂದು ನಮ್ಮ ಬ್ಯಾಟರ್ ಬದಲಾಗಿ, ಬ್ಯಾಟರ್ ಬದಲಾದ ಎಂದು ಫೀಲ್ಡಿಂಗ್ ಜಾಗಗಳು ಅದಲುಬದಲಾಗಿ, ಪೆನ್ಸಿಲ್ ಗೀಟು ಎಲ್ಲಿ ಎಳೆಯಬೇಕೋ ತಿಳಿಯದೆ ಪೇಚಾಡುತ್ತಾಳೆ. "ಅಪ್ಪ, ಇವತ್ತು ಆಡೋರು ನಾಳೆನೂ ಆಡ್ತಾರಾ?" ಎಂದು ಹೋದ ಬೇಸಿಗೆಯಲ್ಲಿ ಕೇಳಿದಳು. ದಿನಾ ಆಡುವ ಮುಖಗಳಿಲ್ಲದ ತಂಡವನ್ನು ಮಕ್ಕಳು ಹಚ್ಚಿಕೊಳ್ಳುವುದು ಕಷ್ಟ. ಪೋಸಿ ಈ ಕೊರತೆಗೇ ಮೊದಲು ಕೈ ಹಾಕಿದ್ದಾನೆ ಎಂಬುದು ನನ್ನ ಅನಿಸಿಕೆ.

ಅವನಿಗೆ ಹುದ್ದೆ ಸಿಗುವ ಮೊದಲೇ, ಸೆಪ್ಟೆಂಬರ್ ಆರಂಭದಲ್ಲಿ, ಮ್ಯಾಟ್ ಚಾಪ್ಮನ್‌ಗೆ 6 ವರ್ಷಕ್ಕೆ 15.1 ಕೋಟಿ ಡಾಲರ್ ಒಪ್ಪಂದ ಆಯಿತು. ಆಗ ಮಾಲೀಕರ ಮಂಡಳಿಯಲ್ಲಿದ್ದ ಪೋಸಿಯೇ ಮುಂದೆ ನಿಂತು ಕುದುರಿಸಿದ ಎಂದು ಎಲ್ಲರೂ ಬರೆದರು. ಡಿಸೆಂಬರಿನಲ್ಲಿ ವಿಲ್ಲಿ ಅಡಾಮೆಸ್, 7 ವರ್ಷಕ್ಕೆ 18.2 ಕೋಟಿ. ಜೈಂಟ್ಸ್ ಇತಿಹಾಸದಲ್ಲೇ ಇದು ದೊಡ್ಡ ಒಪ್ಪಂದ. ಅಲ್ಲಿಯವರೆಗಿನ ದಾಖಲೆ 2013ರಲ್ಲಿ ಪೋಸಿ ತಾನೇ ಸಹಿ ಹಾಕಿದ್ದ ಒಪ್ಪಂದದ್ದು.

ಅಡಾಮೆಸ್ ಹೋದ ವರ್ಷ ಮಿಲ್ವಾಕಿ ಪರ 161 ಪಂದ್ಯ ಆಡಿ 32 ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದ. ಅದರಲ್ಲಿ 13 ಹೊಡೆತಗಳು ತಲಾ ಮೂರು ರನ್ ತಂದವು. ಒಂದೇ ಸೀಸನ್ನಿನಲ್ಲಿ ಅಷ್ಟು ಹೊಡೆದು ಕೆನ್ ಗ್ರಿಫಿ ಜೂನಿಯರ್ ದಾಖಲೆಯನ್ನು ಸರಿಗಟ್ಟಿದ. ಫೀಲ್ಡಿಂಗಿನಲ್ಲಿ ಅವನು ಶಾರ್ಟ್‌ಸ್ಟಾಪ್, ಅಂದರೆ ಬ್ಯಾಟರ್ ಓಡುವ ಹಾದಿಯ ಎರಡನೇ, ಮೂರನೇ ಮೂಲೆಗಳಾದ ಸೆಕೆಂಡ್ ಬೇಸ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವವನು. ನಮ್ಮಲ್ಲಿ ಬ್ರ್ಯಾಂಡನ್ ಕ್ರಾಫರ್ಡ್ ಹದಿಮೂರು ವರ್ಷ ಶಾರ್ಟ್‌ಸ್ಟಾಪ್ ಆಗಿದ್ದ. ಹತ್ತಿರದ ಪ್ಲೆಸೆಂಟನ್‌ನಲ್ಲಿ ಬೆಳೆದ ಹುಡುಗ. ತಂಡ ಊರು ಬಿಟ್ಟುಹೋಗುತ್ತದೆ ಎಂಬ ಸುದ್ದಿ ಹಬ್ಬಿದ್ದ 1992ರಲ್ಲಿ, ಕ್ಯಾಂಡಲ್‌ಸ್ಟಿಕ್ ಮೈದಾನದ ಕಂಬಿ ಹಿಡಿದು ಸಪ್ಪೆ ಮುಖ ಹಾಕಿಕೊಂಡು ನಿಂತ ಐದು ವರ್ಷದ ಕ್ರಾಫರ್ಡ್‌ನ ಫೋಟೋ ಇಲ್ಲಿ ಎಲ್ಲರಿಗೂ ಗೊತ್ತು. ಅವನು ಹೋದ ಮೇಲೆ ಆ ಜಾಗಕ್ಕೆ ನಿಕ್ ಅಹ್ಮದ್ ಬಂದ, ಜುಲೈ ಹೊತ್ತಿಗೆ ಅವನೂ ಹೋದ. ಟೈಲರ್ ಫಿಟ್ಜೆರಾಲ್ಡ್ ಸಿಕ್ಕಿದ ಅವಕಾಶದಲ್ಲಿ ಚೆನ್ನಾಗಿಯೇ ಹೊಡೆದ; ಈಗ ಅವನನ್ನು ಸೆಕೆಂಡ್ ಬೇಸ್‌ಗೆ ಸರಿಸುತ್ತಾರೆ. ಅವನ ಆಟಕ್ಕೂ ಅದೇ ಸರಿಯಾದ ಜಾಗ.

ಥರ್ಡ್ ಬೇಸಿನಲ್ಲಿ, ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಐದು ಸಲ ಗೆದ್ದ ಚಾಪ್ಮನ್, ಪಕ್ಕದಲ್ಲಿ ಅಡಾಮೆಸ್. ಎಡಗಡೆ ಗೋಡೆ ಎಂದರೆ ಇದೇ. ಇದರ ಬೆಲೆ ತಿಳಿಯಬೇಕಾದರೆ ಲೋಗನ್ ವೆಬ್ ಪಿಚ್ ಮಾಡುವ ದಿನ ನೋಡಬೇಕು. ವೆಬ್‌ನ ಸಿಂಕರ್ ಬ್ಯಾಟಿನ ಹತ್ತಿರ ಬಂದು ಕೆಳಕ್ಕೆ ಇಳಿಯುತ್ತದೆ. ಬ್ಯಾಟರ್ ಚೆಂಡಿನ ನೆತ್ತಿಗೆ ಹೊಡೆಯುತ್ತಾನೆ, ಚೆಂಡು ಹುಲ್ಲು ಸವರಿಕೊಂಡು ಬರುತ್ತದೆ. ಬಲಗೈ ಬ್ಯಾಟರ್ ಆದರೆ ಅದು ಹೆಚ್ಚಾಗಿ ಬರುವುದು ಥರ್ಡ್ ಬೇಸ್, ಶಾರ್ಟ್‌ಸ್ಟಾಪ್ ಕಡೆಗೇ. ಒಂದು ಸಂಜೆ ನಾವು ಥರ್ಡ್ ಬೇಸ್ ಗೆರೆಯ ಪಕ್ಕ ಕೂತಿದ್ದೆವು. ಬ್ಯಾಟಿನ ತುದಿಗೆ ತಾಗಿದ ಚೆಂಡು ಮುದುರಿಕೊಂಡು ನಿಧಾನಕ್ಕೆ ಉರುಳುತ್ತಿತ್ತು. ಚಾಪ್ಮನ್ ಮುಂದಕ್ಕೆ ಓಡಿಬಂದು, ಗ್ಲವ್ ಬಳಸದೆ ಬರಿಗೈಯಲ್ಲೇ ಅದನ್ನು ಬಾಚಿ, ಮೈ ನೆಟ್ಟಗಾಗುವ ಮೊದಲೇ ಸೊಂಟದ ಕೆಳಗಿಂದ ಫಸ್ಟ್ ಬೇಸ್‌ಗೆ ಎಸೆದ. ಓಡುತ್ತಿದ್ದವನು ಒಂದು ಹೆಜ್ಜೆಯಲ್ಲಿ ಔಟ್. ಹೋದ ವರ್ಷ 204 ಇನ್ನಿಂಗ್ಸ್ ಪಿಚ್ ಮಾಡಿದ ವೆಬ್‌ಗೆ ಇಂಥ ಇಬ್ಬರು ಬೆನ್ನಿಗಿದ್ದರೆ ಎಷ್ಟು ಚೆಂಡು ಉಳಿತಾಯ ಆಗುತ್ತದೆ ಯೋಚಿಸಿ.

ನಿನ್ನೆ ರಾತ್ರಿ ಅರ್ವೈನ್‌ನಿಂದ ಭಾಮೈದ ಫೋನ್ ಮಾಡಿದ್ದ. ಅವನು ಡಾಡ್ಜರ್ಸ್ ಕಡೆಯವನು. "ಭಾವ, ಸಸಾಕಿ ಮಾತು ಬಿಡಿ, ಅವನು ಹೆಂಗೂ ಇಲ್ಲಿಗೇ ಬರೋನು. ಸ್ನೆಲ್‌ನ ಯಾಕೆ ಬಿಟ್ರಿ ಹೇಳಿ" ಅಂದ. ಈ ಪ್ರಶ್ನೆಗೆ ನಾನು ಎರಡು ತಿಂಗಳಿಂದ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಿದ್ದೇನೆ.

ಹೋದ ವರ್ಷ ನಮ್ಮಲ್ಲಿದ್ದ ಪಿಚರ್ ಬ್ಲೇಕ್ ಸ್ನೆಲ್‌ಗೆ ಡಾಡ್ಜರ್ಸ್ ಕೊಟ್ಟದ್ದೂ 18.2 ಕೋಟಿಯೇ. ಅವರು 5 ವರ್ಷಕ್ಕೆ ಪಿಚರ್‌ಗೆ ಕೊಟ್ಟರು, ನಾವು ಅಷ್ಟೇ ದುಡ್ಡನ್ನು 7 ವರ್ಷಕ್ಕೆ ಶಾರ್ಟ್‌ಸ್ಟಾಪ್‌ಗೆ ಕೊಟ್ಟೆವು. ಸ್ನೆಲ್ ಆಡುವುದನ್ನು ನೋಡುವ ಸುಖವೇ ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಒಂಬತ್ತೂ ಇನ್ನಿಂಗ್ಸ್ ಪಿಚ್ ಮಾಡಿ ಒಂದೇ ಒಂದು ಹಿಟ್ ಕೊಡದೆ, 11 ಜನರನ್ನು ಸ್ಟ್ರೈಕ್ ಔಟ್ ಮಾಡಿದ ಆ ರಾತ್ರಿ ನಮ್ಮ ಮನೆಯಲ್ಲಿ ಊಟ ಆರಿ ಹೋಗಿತ್ತು, ಯಾರೂ ಏಳಲಿಲ್ಲ. ಆದರೆ ಅವನು ಒಂದು ಸೀಸನ್ನಿನಲ್ಲಿ 180 ಇನ್ನಿಂಗ್ಸ್ ಮುಟ್ಟಿದ್ದು ಎರಡೇ ಸಲ, 2018 ಮತ್ತು 2023. ಎರಡು ಸಲವೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ, ನಿಜ. ನಮ್ಮಲ್ಲಿ ಕಳೆದ ವರ್ಷ ಶುರು ಮಾಡಿದ್ದು 20 ಪಂದ್ಯ ಮಾತ್ರ. ಮೊದಲ ಆರರಲ್ಲಿ ಅವನ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ನಿನ ಸರಾಸರಿ, 9.51. ಸರಿಯಾಗಿ ಆಡಲು ಶುರು ಮಾಡುವ ಹೊತ್ತಿಗೆ ನಮ್ಮ ಸೀಸನ್ ಅರ್ಧ ಮುಗಿದಿತ್ತು. ಹಾಗಾಗಿ ಭಾಮೈದನಿಗೆ ಹೇಳಿದೆ: "ದುಡ್ಡು ಒಂದೇ ಅಂದ್ಮೇಲೆ, ದಿನಾ ಆಡೋನೇ ನಮಗೆ ಬೇಕಪ್ಪ."

ನನಗೆ ಸಂಕಟ ಆಗುವುದು ಇನ್ನೊಂದು ಲೆಕ್ಕಕ್ಕೆ. ಪ್ರತಿ ವರ್ಷ ಶಾಲೆ, ಕಾಲೇಜಿನ ಹುಡುಗರನ್ನು ತಂಡಗಳು ಸುತ್ತಿನ ಪ್ರಕಾರ ಆರಿಸಿಕೊಳ್ಳುವ ಡ್ರಾಫ್ಟ್ ಇರುತ್ತದೆ. ಹೋದ ವರ್ಷ ಸ್ನೆಲ್ ಮತ್ತು ಚಾಪ್ಮನ್ ಬಂದಿದ್ದಕ್ಕೆ ನಾವು ಎರಡನೇ, ಮೂರನೇ ಸುತ್ತಿನ ಆಯ್ಕೆ ಕಳೆದುಕೊಂಡೆವು. ನಮ್ಮ ತಂಡದ ಸಂಬಳದ ಮೊತ್ತ ಲೀಗ್ ಹಾಕಿದ ತೆರಿಗೆಯ ಗೆರೆ ದಾಟಿದ್ದರಿಂದ, ಈಗ ಅಡಾಮೆಸ್‌ಗಾಗಿ ಈ ವರ್ಷದ ಎರಡನೇ ಮತ್ತು ಐದನೇ ಆಯ್ಕೆ ಹೋಯಿತು, ಜೊತೆಗೆ ಹೊರದೇಶದ ಹುಡುಗರಿಗೆಂದು ಇಟ್ಟ ಹಣದಲ್ಲಿ 10 ಲಕ್ಷ ಡಾಲರ್. ಸ್ನೆಲ್ ಬಿಟ್ಟುಹೋದದ್ದಕ್ಕೆ ಪರಿಹಾರವಾಗಿ ನಮಗೆ ಸಿಕ್ಕಿದ್ದು ಏನೂ ಇಲ್ಲ. ಆ ಪರಿಹಾರಕ್ಕೆ ಬೇಕಾದ ಕ್ವಾಲಿಫೈಯಿಂಗ್ ಆಫರನ್ನು (ಹಳೇ ತಂಡ ಮುಂದಿಡುವ ಒಂದು ವರ್ಷದ ಒಪ್ಪಂದ) ಒಬ್ಬ ಆಟಗಾರನಿಗೆ ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಅವನಿಗೆ ಸ್ಯಾನ್ ಡಿಯಾಗೊದವರು ಆಗಲೇ ಕೊಟ್ಟಿದ್ದರು. ಡಾಡ್ಜರ್ಸ್‌ನಂತೆ ಖರ್ಚು ಮಾಡಲಾಗದ ತಂಡಕ್ಕೆ ಬೆಳೆಯುವ ಹುಡುಗರೇ ಆಸ್ತಿ. ಬಿತ್ತನೆ ಬೀಜವನ್ನೇ ಅಡುಗೆಗೆ ಹಾಕಿದ ಹಾಗಾಗಿದೆ.

ಹಾಗಾದರೆ ಸ್ನೆಲ್ ಜಾಗಕ್ಕೆ ಯಾರು? ಕಾರ್ಬಿನ್ ಬರ್ನ್ಸ್ ಬರಬಹುದು ಎಂದು ಡಿಸೆಂಬರ್ ಪೂರ್ತಿ ನಂಬಿದ್ದೆ. ಅವನು ಓದಿದ್ದು ಇಲ್ಲೇ ಮೊರಾಗಾದ ಸೇಂಟ್ ಮೇರೀಸ್ ಕಾಲೇಜಿನಲ್ಲಿ. ಆದರೆ ಮನೆ ಇರುವುದು ಅರಿಜೋನಾದಲ್ಲಿ, 6 ವರ್ಷಕ್ಕೆ 21 ಕೋಟಿಗೆ ಅಲ್ಲಿಯ ಡೈಮಂಡ್‌ಬ್ಯಾಕ್ಸ್ ಸೇರಿದ. ಹೆಂಡತಿ ಮಕ್ಕಳ ಹತ್ತಿರ ಇರಬೇಕು ಎನ್ನುವವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗಾಗದು.

ಕೊನೆಗೆ ಈ ತಿಂಗಳು ಬಂದವನು ಜಸ್ಟಿನ್ ವರ್ಲ್ಯಾಂಡರ್. ಒಂದು ವರ್ಷಕ್ಕೆ 1.5 ಕೋಟಿ. 262 ಗೆಲುವು, ಮೂರು ಸೈ ಯಂಗ್, ಮುಂದಿನ ತಿಂಗಳು 42 ವರ್ಷ ತುಂಬುತ್ತದೆ. ಈ ಊರಿಗೂ ಅವನಿಗೂ ಒಂದು ಹಳೇ ಲೆಕ್ಕ ಇದೆ. 2012ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯದಲ್ಲಿ ನಮ್ಮ ಪಾಬ್ಲೊ ಸಾಂಡೊವಾಲ್ ಮೂರು ಹೋಮ್ ರನ್ ಹೊಡೆದನಲ್ಲ, ಅದರಲ್ಲಿ ಮೊದಲ ಎರಡು ಡೆಟ್ರಾಯಿಟ್ ಪರ ಆಡುತ್ತಿದ್ದ ಇದೇ ವರ್ಲ್ಯಾಂಡರ್ ಎಸೆದದ್ದು. ಎರಡನೆಯದು ಬೇಲಿ ದಾಟಿದಾಗ ಅವನ ಬಾಯಿಂದ "ವಾವ್" ಎಂಬ ಉದ್ಗಾರ ಹೊರಟಿದ್ದು ಟಿವಿಯಲ್ಲಿ ಕಂಡಿತ್ತು. ಅವತ್ತು ನಮ್ಮ ಕ್ಯಾಚರ್ ಆಗಿದ್ದ ಪೋಸಿ ಇವತ್ತು ಅವನನ್ನು ಕರೆತಂದಿದ್ದಾನೆ. ಕೈಲ್ ಹ್ಯಾರಿಸನ್, ಹೇಡನ್ ಬರ್ಡ್‌ಸಾಂಗ್‌ರಂಥ ಎಳೆಯರು ಅವನ ಪಕ್ಕ ಕೂತು ಕಲಿಯುವುದು ಬಹಳ ಇದೆ. ಆದರೆ ಭುಜ ಮತ್ತು ಕತ್ತಿನ ನೋವಿನಿಂದ ಕಳೆದ ವರ್ಷ ಅವನು 17 ಪಂದ್ಯವಷ್ಟೇ ಶುರು ಮಾಡಿದ್ದ, ಇಆರ್‌ಎ 5.48. ಸ್ನೆಲ್ ಬಿಟ್ಟ ಜಾಗವನ್ನು ಇವನೊಬ್ಬನೇ ತುಂಬುತ್ತಾನೆ ಎಂದು ಕೂತರೆ ಅದು ತಪ್ಪು ಲೆಕ್ಕ.

ಇನ್ನು ಫಸ್ಟ್ ಬೇಸ್. ಅಲ್ಲಿ ಮಾತ್ರ ಹಳೇ ಜೋಡಿ ಪದ್ಧತಿಯೇ ಉಳಿದಿದೆ: ಬಲಗೈ ಪಿಚರ್ ಬಂದರೆ ಲಮಾಂಟ್ ವೇಡ್, ಎಡಗೈಯವನಾದರೆ ವಿಲ್ಮರ್ ಫ್ಲೋರೆಸ್. ಆ ಜಾಗಕ್ಕೆ ಸಿಗಬಹುದಾಗಿದ್ದ ಕ್ರಿಸ್ಟಿಯನ್ ವಾಕರ್ ಹ್ಯೂಸ್ಟನ್‌ಗೆ, ಗೋಲ್ಡ್‌ಸ್ಮಿಡ್ಟ್ ಯಾಂಕೀಸ್‌ಗೆ ಹೋಗಿಯಾಯಿತು. ಪೀಟ್ ಅಲೊನ್ಸೊ ಇನ್ನೂ ಎಲ್ಲೂ ಸಹಿ ಹಾಕಿಲ್ಲ, ಅವನನ್ನು ತರಲಿ ಎನ್ನುವವರು ಬಹಳ ಜನ. ನಾನು ಬೇಡ ಎನ್ನುತ್ತೇನೆ. ಅವನಿಗಾಗಿ ಇನ್ನೆರಡು ಡ್ರಾಫ್ಟ್ ಆಯ್ಕೆ ಕೊಡಬೇಕು. ಅಷ್ಟೇ ಅಲ್ಲ, 2023ರ ಡ್ರಾಫ್ಟಿನಲ್ಲಿ 16ನೆಯವನಾಗಿ ಆರಿಸಿದ ಬ್ರೈಸ್ ಎಲ್ಡ್ರಿಜ್ ನಮ್ಮಲ್ಲೇ ಬೆಳೆಯುತ್ತಿದ್ದಾನೆ. 20 ವರ್ಷ, ಆರಡಿ ಏಳಂಗುಲ. ಹೋದ ವರ್ಷವೇ ಮೆಟ್ಟಿಲು ಮೆಟ್ಟಿಲಾಗಿ, ದೊಡ್ಡ ಲೀಗಿನ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ವರೆಗೂ ಹತ್ತಿದ. ಆ ಜಾಗ ಅವನದೇ. ಅವನು ತಯಾರಾಗುವವರೆಗೆ ವೇಡ್, ಫ್ಲೋರೆಸ್ ಸಾಕು.

ದುಡ್ಡಿದ್ದರೆ ಪಿಚರ್ ಮೇಲೆ ಹಾಕಲಿ. ಜ್ಯಾಕ್ ಫ್ಲಾಹರ್ಟಿ ಇನ್ನೂ ಸಿಗುತ್ತಾನೆ. ಸೀಸನ್ ನಡುವೆ ತಂಡ ಬದಲಾಯಿಸಿದ್ದರಿಂದ ಅವನಿಗೆ ಕ್ವಾಲಿಫೈಯಿಂಗ್ ಆಫರ್ ಇಲ್ಲ, ಅಂದರೆ ಒಂದೂ ಡ್ರಾಫ್ಟ್ ಆಯ್ಕೆ ಕೊಡಬೇಕಿಲ್ಲ. ಸಂಬಳದ ಮೊತ್ತ ಈ ವರ್ಷ ಇಳಿಸುತ್ತಾರೆ ಎಂಬ ಮಾತು ಓಡಾಡುತ್ತಿದೆ. ಅದು ನಿಜವಾದರೂ ಪೋಸಿ ಮಾಲೀಕರ ಹತ್ತಿರ ಇದೊಂದನ್ನು ಗಟ್ಟಿಯಾಗಿ ಕೇಳಬೇಕು. ವೆಬ್, ರಾಬಿ ರೇ, ಫ್ಲಾಹರ್ಟಿ, ವರ್ಲ್ಯಾಂಡರ್, ಐದನೆಯವನಾಗಿ ಹ್ಯಾರಿಸನ್ ಅಥವಾ ಬರ್ಡ್‌ಸಾಂಗ್. ಇಷ್ಟು ಸಿಕ್ಕರೆ ಡಾಡ್ಜರ್ಸ್ ಎದುರಿನ ಸರಣಿಗಳಿಗೆ ನಾನು ಈಗಲೇ ಟಿಕೆಟ್ ತೆಗೆಯುತ್ತೇನೆ. ಪಿಚರ್, ಕ್ಯಾಚರ್‌ಗಳು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಅಭ್ಯಾಸಕ್ಕೆ ಸೇರುವುದಕ್ಕೆ ಇನ್ನೂ ಮೂರ್ನಾಲ್ಕು ವಾರ ಇದೆ.