ಹಗ್ಗದ ಮೇಲೆ ದಶಾಂಶ: ಡೊಂಬಿವಲಿಯ ಭಾನುವಾರದ ಗಣಿತ ಎಲ್ಲಿಗೆ ಬಂತು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಸೊಸೈಟಿಯ ಕೆಳಗಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಕನ್ನಡದ ಮಕ್ಕಳನ್ನು ಕೂಡಿಸಿಕೊಂಡು ಮಾಡುವ ಗಣಿತ, ಜೂನ್‌ನಲ್ಲಿ ಶಾಲೆ ತೆರೆದಾಗಿನಿಂದ ದಶಾಂಶ ಬಿಟ್ಟು ಕದಲಿಲ್ಲ. ಐದರಿಂದ ಏಳನೇ ಕ್ಲಾಸಿನವರು. ಮನೆಯಲ್ಲಿ ಕನ್ನಡವೋ ತುಳುವೋ, ಕೆಳಗೆ ಆಡುವಾಗ ಮರಾಠಿ, ಪುಸ್ತಕ ಹೆಚ್ಚಿನವರದು ಇಂಗ್ಲಿಷಿನದು. ದೀಪಾವಳಿ ರಜೆಯೊಳಗೆ ಇವರಿಗೆ ದಶಾಂಶ ಸಂಖ್ಯೆಯನ್ನು ರೌಂಡ್ ಮಾಡುವುದು, ಅಂದರೆ ಕೇಳಿದ ಸ್ಥಾನದವರೆಗೆ ಹತ್ತಿರದ ಸಂಖ್ಯೆಗೆ ತರುವುದು, ಅರ್ಥವಾಗಿ ಬರಬೇಕು ಎಂಬುದಷ್ಟೇ ನನ್ನ ಲೆಕ್ಕಾಚಾರ.

ಜೂನ್ ಕೊನೆ

ನಿಯಮ ಎಲ್ಲರಿಗೂ ಬಾಯಿಪಾಠ. ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹಿಂದಿನ ಅಂಕಿಗೆ ಒಂದು ಸೇರಿಸು, ಕಮ್ಮಿ ಇದ್ದರೆ ಬಿಟ್ಟುಬಿಡು. ಸರಿ, 3.46 ಅನ್ನು ಪೂರ್ಣ ಸಂಖ್ಯೆಗೆ ತನ್ನಿ ಅಂದೆ. ಅರ್ಧಕ್ಕರ್ಧ ಮಂದಿ 4 ಅಂದರು. ಹೇಗೆ ಅಂತ ಕೇಳಿದರೆ ಆರನೇ ಕ್ಲಾಸಿನ ಒಬ್ಬಳು ಬೋರ್ಡಿಗೇ ಬಂದು ಬರೆದಳು: ಕೊನೆಯಲ್ಲಿ 6 ಇದೆ, ಹಾಗಾಗಿ 3.5. ಈಗ ಕೊನೆಯಲ್ಲಿ 5 ಇದೆ, ಹಾಗಾಗಿ 4. ‘ನಾನು ರೂಲ್ ತಪ್ಪಿಲ್ಲ ಅಂಕಲ್, ಎರಡು ಸಲ ಹಾಕಿದೆ ಅಷ್ಟೇ.’

ಅವಳ ಮಾತಿನಲ್ಲಿ ನ್ಯಾಯ ಇದೆ. ನಿಯಮವನ್ನು ಮೊದಲು ಕೊಟ್ಟುಬಿಟ್ಟರೆ ಮಗು ಅಂಕಿಯನ್ನು ನೋಡುತ್ತದೆ, ಸಂಖ್ಯೆಯನ್ನು ನೋಡುವುದಿಲ್ಲ. 3.46 ಯಾವ ಎರಡರ ನಡುವೆ ಇದೆ, ಯಾವುದಕ್ಕೆ ಹತ್ತಿರ ಎಂಬ ಪ್ರಶ್ನೆ ಅವರ ತಲೆಗೆ ಬಂದೇ ಇರಲಿಲ್ಲ.

ಜುಲೈ: ಹಗ್ಗ

ಸ್ಟೇಷನ್ ಹತ್ತಿರದ ಅಂಗಡಿಯಿಂದ ನೈಲಾನ್ ಹಗ್ಗ ತಂದು ಹಾಲ್‌ನ ಎರಡು ಕಿಟಕಿ ಗ್ರಿಲ್‌ಗಳ ನಡುವೆ ಬಿಗಿದೆ, ಸರಿಯಾಗಿ ಮೂರು ಮೀಟರ್. ಎಡತುದಿ 3, ಬಲತುದಿ 4. ಮೂವತ್ತು ಸೆಂಟಿಮೀಟರಿಗೊಂದು ಕೆಂಪು ದಾರದ ಗಂಟು, ಅವೇ 3.1, 3.2, 3.3. ಮೂರು ಮೀಟರ್ ಯಾಕೆಂದರೆ ಎರಡು ಗಂಟುಗಳ ನಡುವೆ ಮಕ್ಕಳ ಮೂವತ್ತು ಸೆಂಟಿಮೀಟರಿನ ಸ್ಕೇಲ್ ಅಳತೆ ಮಾಡಿಸಿದ ಹಾಗೆ ಕೂರುತ್ತದೆ. ಮೂರು ಸೆಂಟಿಮೀಟರಿಗೆ ಒಂದು ನೂರನೇ ಭಾಗ.

ಈಗ 3.46 ಎಲ್ಲಿ? ಬಟ್ಟೆ ಕ್ಲಿಪ್ ಹಿಡಿದು ಅವಳೇ ಹೋದಳು. 3.4ರ ಗಂಟಿಗೆ ಸ್ಕೇಲಿನ ಸೊನ್ನೆ ಇಟ್ಟು ಹದಿನೆಂಟು ಸೆಂಟಿಮೀಟರಿಗೆ ಕ್ಲಿಪ್ ಹಾಕಿದಳು. ಸ್ಕೇಲಿನ ನಡು ಹದಿನೈದು. ಕ್ಲಿಪ್ ಅದನ್ನು ದಾಟಿದೆ. ಆದ್ದರಿಂದ ಒಂದು ದಶಾಂಶ ಸ್ಥಾನಕ್ಕಾದರೆ 3.5. ಆಮೇಲೆ ಸ್ಕೇಲ್ ತೆಗೆಸಿ ಇಡೀ ಹಗ್ಗ ನೋಡು ಅಂದೆ. ಹಗ್ಗದ ನಡು 150ನೇ ಸೆಂಟಿಮೀಟರಿನಲ್ಲಿ, ಕ್ಲಿಪ್ ಇರುವುದು 138ರಲ್ಲಿ. ನಡುವಿಗೆ ಇನ್ನೂ ಹನ್ನೆರಡು ಸೆಂಟಿಮೀಟರ್ ಬಾಕಿ. ಪೂರ್ಣ ಸಂಖ್ಯೆಗಾದರೆ 3. ಕ್ಲಿಪ್ ಅದೇ, ಜಾಗ ಅದೇ. ಪ್ರಶ್ನೆ ಬೇರೆ, ಅಕ್ಕಪಕ್ಕದವರು ಬೇರೆ.

ಮಳೆಗಾಲದಲ್ಲಿ ಲೋಕಲ್ ರೈಲು ಡೊಂಬಿವಲಿ ಮತ್ತು ಪಕ್ಕದ ಸ್ಟೇಷನ್ ಠಾಕುರ್ಲಿ ನಡುವೆ ನಿಂತುಬಿಟ್ಟರೆ ಯಾವ ಕಡೆ ನಡೆಯುತ್ತೀರಿ ಅಂತ ಕೇಳಿದ್ದಕ್ಕೆ ಪೂರ್ತಿ ಹಾಲ್ ಒಟ್ಟಿಗೆ ಉತ್ತರ ಹೇಳಿತು: ಯಾವುದು ಹತ್ತಿರವೋ ಆ ಕಡೆ. (ಅಮ್ಮಂದಿರು ಬೈದರು, ಹಳಿ ಮೇಲೆ ನಡೆಯುವುದನ್ನು ಕಲಿಸಬೇಡಿ ಅಂತ.)

ಜುಲೈ, ದುಡ್ಡಿನ ತಕರಾರು

ದಶಾಂಶ ಅಂದರೆ ರೂಪಾಯಿ-ಪೈಸೆಯಿಂದ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಈಗ ಅದರಲ್ಲಿ ನಂಬಿಕೆ ಇಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯ 2011ರ ಜೂನ್ 30ರ ನಂತರ ಚಲಾವಣೆಯಲ್ಲೇ ಇಲ್ಲ. ಈ ಮಕ್ಕಳು ಪೈಸೆಯನ್ನು ಕೈಯಲ್ಲಿ ಹಿಡಿದವರಲ್ಲ. ಅದಕ್ಕಿಂತ ದೊಡ್ಡ ತೊಂದರೆ, 3.5 ಅಂದರೆ ‘ಮೂರು ರೂಪಾಯಿ ಐದು ಪೈಸೆ’ ಅನ್ನುತ್ತಾರೆ. 3.35 ಅಂದರೆ ಮೂವತ್ತೈದು ಪೈಸೆ, ಹಾಗಾಗಿ ಅದೇ ದೊಡ್ಡದು! ಚುಕ್ಕೆಯ ಬಲಕ್ಕಿರುವುದನ್ನು ಇನ್ನೊಂದು ಪೂರ್ಣ ಸಂಖ್ಯೆ ಅಂತಲೇ ಓದುತ್ತಾರೆ. ಹಗ್ಗದ ಮೇಲೆ ಎರಡಕ್ಕೂ ಕ್ಲಿಪ್ ಹಾಕಿಸಿದ ಮೇಲೆ ಈ ಗಲಾಟೆ ಬಹುಮಟ್ಟಿಗೆ ತಣ್ಣಗಾಯಿತು.

3.96ಕ್ಕೆ ಒಂದು ದಶಾಂಶ ಸ್ಥಾನ ಕೇಳಿದಾಗ 4.0 ಬರೆಯಬೇಕು, ಬರೀ 4 ಅಲ್ಲ. ಹತ್ತನೇ ಭಾಗದವರೆಗೆ ನೋಡಿದ್ದೇವೆ ಎನ್ನುವುದಕ್ಕೆ ಆ ಸೊನ್ನೆಯೇ ಗುರುತು. ಇದು ಅರ್ಧ ಗಂಟೆಯಲ್ಲಿ ಮುಗಿಯಿತು.

ಆಗಸ್ಟ್: ಬಿಲ್ಲುಗಳು

ಸಂಖ್ಯೆ ಎಲ್ಲಿ ಕೂರುತ್ತದೆ ಅಂತ ಗೊತ್ತಾದ ಮೇಲೆ ದುಡ್ಡು ಚೆನ್ನಾಗಿ ಉಪಯೋಗಕ್ಕೆ ಬಂತು. ಮನೆಯಿಂದ ಬಿಲ್ ತನ್ನಿ, ‘ರೌಂಡ್ ಆಫ್’ ಅನ್ನುವ ಸಾಲು ಹುಡುಕಿ ಅಂದೆ. ಐವತ್ತು ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ, ಕಮ್ಮಿ ಇದ್ದರೆ ಬಿಡು: ತೆರಿಗೆಯ ಮೊತ್ತಕ್ಕೆ 2017ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ನಿನಲ್ಲಿರುವುದೂ ಇದೇ ಐದರ ನಿಯಮ.

ಒಬ್ಬ ಹುಡುಗ ಉಡುಪಿ ಹೋಟೆಲಿನ ಬಿಲ್ ತಂದಿದ್ದ. ತಿಂಡಿ 185 ರೂಪಾಯಿ. ಅದರ ಕೆಳಗೆ ಕೇಂದ್ರದ ತೆರಿಗೆ ಎರಡೂವರೆ ಪರ್ಸೆಂಟ್ 4.63, ರಾಜ್ಯದ್ದು ಎರಡೂವರೆ ಪರ್ಸೆಂಟ್ 4.63. ‘ಐದು ಪರ್ಸೆಂಟ್ ಅಂದ್ರೆ 9.25 ತಾನೇ? ಇಲ್ಲಿ 9.26 ಆಗ್ತದೆ. ಒಂದು ಪೈಸೆ ಎಲ್ಲಿಂದ ಬಂತು ಅಂಕಲ್?’ ಎರಡೂವರೆ ಪರ್ಸೆಂಟ್ ಅಂದರೆ 4.625. ಅದು ಎರಡು ಕಡೆಯೂ ಮೇಲಕ್ಕೆ ಹೋಗಿ 4.63 ಆಗಿದೆ. ಕೊನೆಗೆ ಬಿಲ್ 194.26ರಿಂದ 194ಕ್ಕೆ ಇಳಿದು ಆ ಪೈಸೆಯೂ ಹೋಗಿದೆ. ಇಡೀ ತಿಂಗಳಲ್ಲಿ ನನಗೆ ಅತಿ ಖುಷಿ ಕೊಟ್ಟ ಪ್ರಶ್ನೆ ಇದೇ.

ಇಂಥ ಚೂರುಪಾರು ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕಥೆ ಹೇಳಿದೆ. 1982ರಲ್ಲಿ ಅವರ ಸೂಚ್ಯಂಕ 1000ದಿಂದ ಶುರುವಾಯಿತು. ಪ್ರತಿ ವ್ಯವಹಾರದ ನಂತರ ಕಂಪ್ಯೂಟರು ಮೂರು ದಶಾಂಶ ಸ್ಥಾನದ ಆಚೆಗಿನದನ್ನು ರೌಂಡ್ ಮಾಡದೆ ಕತ್ತರಿಸುತ್ತಿತ್ತು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ ಸುಮಾರು 525ಕ್ಕೆ ಕುಸಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಸುಮಾರು 1099 ಬಂತು.

ಸೆಪ್ಟೆಂಬರ್

ಪಿ.ಟಿ. ಉಷಾ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್. ಉಷಾ 55.42 ಸೆಕೆಂಡ್, ಕಂಚು ಗೆದ್ದ ರುಮೇನಿಯಾದ ಕೊಜೊಕಾರು 55.41. ಇಬ್ಬರನ್ನೂ ಒಂದು ದಶಾಂಶ ಸ್ಥಾನಕ್ಕೆ ತನ್ನಿ: 55.4, 55.4. ‘ಹಾಗಾದ್ರೆ ಇಬ್ಬರಿಗೂ ಕೊಡಬೇಕಿತ್ತು’ ಎಂದು ಅರ್ಧ ಕ್ಲಾಸು, ‘ಹಾಗೆ ರೌಂಡ್ ಮಾಡಿದ್ದೇ ತಪ್ಪು’ ಎಂದು ಇನ್ನರ್ಧ. ಹತ್ತು ನಿಮಿಷ ಜಗಳವಾಡಲು ಬಿಟ್ಟೆ. ಎಲ್ಲಿಯವರೆಗೆ ರೌಂಡ್ ಮಾಡಬೇಕು ಅನ್ನುವುದನ್ನು ಪುಸ್ತಕ ಹೇಳುವುದಲ್ಲ, ಕೆಲಸ ಹೇಳುತ್ತದೆ. 130 ಮಕ್ಕಳ ಪಿಕ್ನಿಕ್, ನಲವತ್ತು ಸೀಟಿನ ಬಸ್ಸು, 3.25 ಬಸ್ಸು. ಇಲ್ಲಿ ಹತ್ತಿರದ್ದು 3 ಆದರೂ ತರಿಸಬೇಕಾದದ್ದು 4.

ಉಳಿದಿರುವುದು ಸರಿಯಾಗಿ ನಡುವಿನ ಬಿಂದು. 3.5ರ ಗಂಟಿನಿಂದ ಎರಡೂ ತುದಿ ಒಂದೇ ದೂರ, ಹಾಗಿರುವಾಗ ಮೇಲಕ್ಕೇ ಯಾಕೆ ಅಂತ ಏಳನೇ ಕ್ಲಾಸಿನವ ಕೇಳಿದ್ದಾನೆ. ಅದೊಂದು ಒಪ್ಪಂದ ಅಷ್ಟೇ, ಬೇರೆ ಒಪ್ಪಂದಗಳೂ ಇವೆ ಅಂದೆ. ಎನ್‌ಸಿಇಆರ್‌ಟಿಯ ಹನ್ನೊಂದನೇ ಕ್ಲಾಸಿನ ಭೌತಶಾಸ್ತ್ರದಲ್ಲಿ ಬಿಡುವ ಅಂಕಿ 5 ಆಗಿದ್ದರೆ ಹಿಂದಿನದು ಸಮಸಂಖ್ಯೆಯಾಗಿ ಉಳಿಯುವ ಹಾಗೆ ಮಾಡಬೇಕು: 2.745 ಆಗುವುದು 2.74, 2.735 ಆಗುವುದೂ 2.74. ಸದಾ ಮೇಲಕ್ಕೇ ತಳ್ಳಿದರೆ ಆ ಹೋಟೆಲ್ ಬಿಲ್ಲಿನ ಪೈಸೆಯ ಹಾಗೆ ಮೊತ್ತ ಒಂದೇ ಕಡೆಗೆ ವಾಲುತ್ತದೆ. ಅವನು ಒಪ್ಪಿದನೋ ಇಲ್ಲವೋ, ಬರುವ ವಾರ -3.5ಕ್ಕೆ ಕ್ಲಿಪ್ ಎಲ್ಲಿ ಹಾಕೋಣ ಅಂತ ಕೇಳಿಯೇ ಹೋದ. ಅದಕ್ಕೆ ಸೊನ್ನೆಯ ಎಡಕ್ಕೂ ಹಗ್ಗ ಬೇಕು. ಮೂರನೇ ಕಿಟಕಿಯ ಗ್ರಿಲ್ ಗಟ್ಟಿ ಇದೆಯಾ ಅಂತ ಶನಿವಾರ ನೋಡಬೇಕು.